ಲ್ಯಾಪ್‌ಟಾಪ್ ತಾನಾಗಿಯೇ ಚಾಲೂ ಆಗುತ್ತಿದೆಯಾ? ಹೀಗೆ ಮಾಡಿ

ಬಂದ್ ಮಾಡಿದ ಲ್ಯಾಪ್‌ಟಾಪ್ ಬಂದ್ ಇರಬೇಕು. ಬಟನ್ ಒತ್ತಿದರೆ ಮಾತ್ರ ಚಾಲೂ ಆಗಬೇಕು. ಇಷ್ಟು ಸಣ್ಣ ಬೇಡಿಕೆಗೂ ಈಗ ಸೆಟ್ಟಿಂಗ್ ಹುಡುಕಿಕೊಂಡು ಅಲೆಯಬೇಕಾಗಿದೆ. ಮುಚ್ಚಳ ತೆರೆದರೆ ಚಾಲೂ. ಚಾರ್ಜರ್ ಸಿಕ್ಕಿಸಿದರೆ ಚಾಲೂ. ನಡುರಾತ್ರಿ ಅಪ್‌ಡೇಟ್ ನೆನಪಾಯಿತೆಂದು ಚಾಲೂ. ಚಾಲೂ ಆಗು ಅಂತ ಹೇಳಿದವರು ಯಾರು?

ನಾನು ಕಲಬುರಗಿಯಲ್ಲಿ ಲೆಕ್ಕ ಬರೆಯುವವಳು. ದಾಲ್ ಮಿಲ್‌ಗಳ ಟ್ಯಾಲಿ, ಜಿಎಸ್‌ಟಿ ರಿಟರ್ನ್, ಅದೇ ಕೆಲಸ. ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬಲ್ಲ. ಆದರೆ ಹೋದಲ್ಲೆಲ್ಲ ಅದರ ಮುಂದೆ ಕೂರುವವಳು ನಾನು. ಹಾಗಾಗಿ ಅದು ಮೊಂಡು ಹಿಡಿದಾಗ ಫೋನ್ ಬರುವುದೂ ನನಗೇ. "ಅಕ್ಕಾರೆ, ನಾ ಬಟನ್ ಮುಟ್ಟೇ ಇಲ್ರಿ, ತಾನೇ ಚಾಲೂ ಆಗ್ಲಕತ್ತದ. ವೈರಸ್ ಹೊಕ್ಕದೇನ್ರಿ?" ಅಂತ ಸಾವ್ಕಾರ್ರು ಗಾಬರಿಯಿಂದ ಕೇಳುತ್ತಾರೆ. ವೈರಸ್ ಅಲ್ಲ. ಹೆಚ್ಚಿನ ಸಲ ಅದು ತಯಾರಕರೇ ಬೇಕೆಂದು ಇಟ್ಟ ಸೌಲಭ್ಯ. ಫೋನಿನ ಹಾಗೆ ಮುಟ್ಟಿದ ತಕ್ಷಣ ತಯಾರಿರಲಿ ಅನ್ನುವುದು ಅವರ ಲೆಕ್ಕಾಚಾರ. ಮೇಜಿನ ಮೇಲೆ ಎಸಿ ಕೋಣೆಯಲ್ಲಿ ಇರುವ ಲ್ಯಾಪ್‌ಟಾಪಿಗೆ ಅದು ಸರಿ ಇರಬಹುದು. ನಮ್ಮೂರಿಗೆ ಸರಿಯಲ್ಲ.

ಯಾಕೆಂದರೆ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್ಕನ್ನು 10ರಿಂದ 35 ಡಿಗ್ರಿಯೊಳಗೆ ಬಳಸಿ ಎನ್ನುತ್ತದೆ. ಚೀಲದೊಳಗೆ, ಸುತ್ತ ಗಾಳಿಯೇ ಇಲ್ಲದೆ, ಬಿಸಿಲಲ್ಲಿ ಕಾದ ಬಸ್ಸಿನಲ್ಲಿ ಯಂತ್ರ ಎಚ್ಚರಗೊಂಡು ಕೂತರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹುಮನಾಬಾದ್ ಮುಟ್ಟುವಷ್ಟರಲ್ಲಿ ಚೀಲ ತೊಡೆ ಸುಡುತ್ತದೆ. ಬೀದರ್ ಮುಟ್ಟುವಷ್ಟರಲ್ಲಿ ಬ್ಯಾಟರಿ ಖಾಲಿ. ಅದೂ 20ನೇ ತಾರೀಖು, ರಿಟರ್ನ್ ತುಂಬುವ ಕೊನೇ ದಿನವೇ ಆಗಿರುತ್ತದೆ. ಬಿಸಿಗೆ ಬ್ಯಾಟರಿ ಬೇಗ ಸೊರಗುವುದು ಬೇರೆ.

ಸರಿ, ಕೆಲಸಕ್ಕೆ ಬರೋಣ.

ಮೊದಲು ಒಂದು ಪ್ರಶ್ನೆ

ಸೆಟ್ಟಿಂಗ್ ಮುಟ್ಟುವ ಮೊದಲು ಇದನ್ನು ಕೇಳಿಕೊಳ್ಳಿ. ಲ್ಯಾಪ್‌ಟಾಪ್ ನಿಜವಾಗಿ ಬಂದ್ ಆಗಿತ್ತಾ, ಅಥವಾ ಸುಮ್ನೆ ಮಲಗಿತ್ತಾ? ನನಗೆ ಫೋನ್ ಮಾಡುವವರಲ್ಲಿ ಬಹಳ ಜನ ಮುಚ್ಚಳ ಮುಚ್ಚುವುದನ್ನೇ "ಬಂದ್ ಮಾಡೀನ್ರಿ" ಎನ್ನುತ್ತಾರೆ. ಮುಚ್ಚಳ ಮುಚ್ಚಿದರೆ ಸಾಮಾನ್ಯವಾಗಿ ಅದು ಸ್ಲೀಪ್‌ಗೆ ಹೋಗುತ್ತದೆ ಅಷ್ಟೇ.

ಈ ವ್ಯತ್ಯಾಸ ಯಾಕೆ ಮುಖ್ಯ? ಪೂರ್ತಿ ಬಂದ್ ಆದ ಯಂತ್ರವನ್ನು ವಿಂಡೋಸ್ ಎಬ್ಬಿಸಲಾರದು. ಆಗ ವಿಂಡೋಸೇ ಓಡುತ್ತಿರುವುದಿಲ್ಲವಲ್ಲ. ಅಂಥ ಯಂತ್ರವನ್ನು ಎಬ್ಬಿಸುವುದು ಅದರ ಕೆಳಗಿರುವ ಬಯಾಸ್, ಅಂದರೆ ಬೋರ್ಡಿನಲ್ಲೇ ಕೂತು ವಿಂಡೋಸಿಗೂ ಮೊದಲು ಓಡುವ ಸಣ್ಣ ಪ್ರೋಗ್ರಾಂ. ಹಾಗಾಗಿ ಶಟ್‌ಡೌನ್ ಮಾಡಿದ ಮೇಲೂ ಚಾಲೂ ಆಗುತ್ತಿದ್ದರೆ ಮೊದಲು ಬಯಾಸ್ ನೋಡಿ. ಮಲಗಿದ್ದಾಗ ಮಾತ್ರ ಎಚ್ಚರಗೊಳ್ಳುತ್ತಿದ್ದರೆ ವಿಂಡೋಸಿನಲ್ಲಿ ಹುಡುಕಿ. ಇದು ಗೊತ್ತಿಲ್ಲದೆ ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿಸಿ ದುಡ್ಡು ಕೊಟ್ಟು ಬಂದವರಿದ್ದಾರೆ. ತೊಂದರೆ ಬಯಾಸಿನಲ್ಲಿದ್ದರೆ ಅದು ಹಾಗೇ ಇರುತ್ತದೆ.

ಶಟ್‌ಡೌನ್ ಮಾಡಿದ ಮೇಲೂ ಚಾಲೂ ಆಗುತ್ತಿದ್ದರೆ

ಮುಚ್ಚಳದ ಅಂಚಿನಲ್ಲಿ ಸಣ್ಣ ಆಯಸ್ಕಾಂತ, ಕೆಳಗೆ ಕೀಬೋರ್ಡಿನ ಕಡೆ ಅದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಮುಚ್ಚಳ ದೂರವಾಯಿತು ಎಂದು ಸೆನ್ಸರ್‌ಗೆ ತಿಳಿದ ಕೂಡಲೇ ಯಂತ್ರ ಚಾಲೂ. ಚಾರ್ಜರಿನದೂ ಅದೇ ಕಥೆ. ಕರೆಂಟ್ ಬಂತು ಎಂದು ಗೊತ್ತಾದ ಕೂಡಲೇ ಏಳುವ ಸೌಲಭ್ಯ ಹಲವು ಮಾಡೆಲ್‌ಗಳಲ್ಲಿದೆ. ನಮ್ಮ ಕಡೆ ಕರೆಂಟ್ ಹೋಗಿ ಬರುವ ಲೆಕ್ಕ ನಿಮಗೆ ಗೊತ್ತೇ ಇದೆ. ಚಾರ್ಜಿಗೆ ಹಾಕಿ ಮನೆಗೆ ಹೋದರೆ, ಮಿಲ್ ಆಫೀಸಿನಲ್ಲಿ ರಾತ್ರಿಯೆಲ್ಲ ಲ್ಯಾಪ್‌ಟಾಪ್ ಲಾಗಿನ್ ಪರದೆ ತೋರಿಸುತ್ತಾ ಕೂತಿರುತ್ತದೆ.

ಬಯಾಸ್ ಒಳಗೆ ಹೋಗಲು ಯಂತ್ರ ಚಾಲೂ ಆಗುವಾಗ ಒಂದು ಕೀ ಒತ್ತುತ್ತಿರಬೇಕು. ಡೆಲ್, ಏಸರ್, ಆಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಫ್10. ಲೆನೊವೊ ಐಡಿಯಾಪ್ಯಾಡ್‌ನಲ್ಲಿ ಎಫ್2, ಅದೇ ಕಂಪನಿಯ ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಈಗಿನ ಯಂತ್ರಗಳು ಎಷ್ಟು ಬೇಗ ಚಾಲೂ ಆಗುತ್ತವೆಂದರೆ ಕೀ ಒತ್ತಲು ಸಮಯವೇ ಸಿಗುವುದಿಲ್ಲ. ಆಗ ಇನ್ನೊಂದು ದಾರಿ ಇದೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ನಾನು ಫೋನಿನಲ್ಲಿ ಹೇಳುವಾಗ ಈ ದಾರಿಯನ್ನೇ ಹೇಳುತ್ತೇನೆ.

ಆದರೆ ಒಂದು ನಿಮಿಷ ತಡೆಯಿರಿ. ಬಯಾಸ್ ಮುಟ್ಟಿದಾಗ ಕೆಲವು ಲ್ಯಾಪ್‌ಟಾಪ್‌ಗಳು ಆಮೇಲೆ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತವೆ. ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. 48 ಅಂಕಿಯ ಸಂಖ್ಯೆ ಅದು. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವ ಲೆಕ್ಕ ಕೈಗೆ ಸಿಗುವುದಿಲ್ಲ. ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಆ ಕೀ ಅಲ್ಲಿದೆಯಾ ನೋಡಿ, ಒಂದು ಹಾಳೆಯಲ್ಲಿ ಬರೆದಿಡಿ. ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಇದು ಆಗದೆ ಮುಂದೆ ಹೋಗಬೇಡಿ. ಲೆಕ್ಕ ಬರೆಯುವವಳು ಹೇಳುತ್ತಿದ್ದೇನೆ, ಕೇಳಿ.

ಒಳಗೆ ಹೋದ ಮೇಲೆ ಹುಡುಕಬೇಕಾದದ್ದು ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರಿನಲ್ಲಿರುತ್ತದೆ. ಲೆನೊವೊದಲ್ಲಿ ಮುಚ್ಚಳದ ಸೌಲಭ್ಯದ ಹೆಸರು ಫ್ಲಿಪ್ ಟು ಸ್ಟಾರ್ಟ್ ಅಥವಾ ಫ್ಲಿಪ್ ಟು ಬೂಟ್. ಅದನ್ನು ಡಿಸೇಬಲ್ ಮಾಡಿ. ಕೆಲವು ಮಾಡೆಲ್‌ಗಳಲ್ಲಿ ಬಯಾಸಿಗೂ ಹೋಗಬೇಕಿಲ್ಲ, ಲೆನೊವೊ ವಾಂಟೇಜ್ ಆ್ಯಪ್‌ನಲ್ಲೇ ಸ್ವಿಚ್ ಇರುತ್ತದೆ. ಥಿಂಕ್‌ಪ್ಯಾಡ್ ಆದರೆ ಪವರ್ ಆನ್ ವಿತ್ ಎಸಿ ಅಟ್ಯಾಚ್ ಅನ್ನುವುದನ್ನೂ ನೋಡಿ. ಡೆಲ್‌ನಲ್ಲಿ ಪವರ್ ಭಾಗದಲ್ಲಿ ಪವರ್ ಆನ್ ಲಿಡ್ ಓಪನ್, ವೇಕ್ ಆನ್ ಎಸಿ, ಆಟೋ ಆನ್ ಟೈಮ್ ಎಂದು ಸಿಗುತ್ತವೆ. ಕೊನೆಯದು ದಿನದ ಇಂಥ ಹೊತ್ತಿಗೆ ತಾನೇ ಏಳು ಅನ್ನುವ ಅಲಾರಂ. ಹಿಂದೆ ಯಾವುದೋ ಆಫೀಸಿನಲ್ಲಿದ್ದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದವರು ಇದನ್ನು ತಪ್ಪದೆ ನೋಡಿ. ಅಲ್ಲಿಯವರು ಬೆಳಗಿನ ಹೊತ್ತಿಗೆ ಇಟ್ಟ ಅಲಾರಂ ನಿಮ್ಮ ಮನೆಯಲ್ಲೂ ಬಡಿಯುತ್ತಿರುತ್ತದೆ. ಎಚ್‌ಪಿಯ ಆಫೀಸ್ ಮಾಡೆಲ್‌ಗಳಲ್ಲಿ ಪವರ್ ಆನ್ ವೆನ್ ಎಸಿ ಡಿಟೆಕ್ಟೆಡ್, ಪವರ್ ಆನ್ ವೆನ್ ಲಿಡ್ ಈಸ್ ಓಪನ್ಡ್ ಅಂತ ಇರುತ್ತದೆ. ಎಲ್ಲ ಕಡೆ ವೇಕ್ ಆನ್ ಲ್ಯಾನ್ ಅನ್ನುವುದೂ ಕಂಡರೆ ಬಂದ್ ಮಾಡಿ. ನೆಟ್‌ವರ್ಕ್ ತಂತಿಯ ಮೂಲಕ ದೂರದಿಂದ ಯಂತ್ರ ಎಬ್ಬಿಸುವ ವ್ಯವಸ್ಥೆ ಅದು. ದೊಡ್ಡ ಆಫೀಸಿನ ಸಿಸ್ಟಮ್ ಅಡ್ಮಿನ್‌ಗೆ ಬೇಕು, ನಿಮಗಲ್ಲ.

ಬದಲಾಯಿಸಿದ ಮೇಲೆ ಎಫ್10 ಒತ್ತಿದರೆ ಹೆಚ್ಚಿನ ಕಡೆ ಉಳಿಸಿ ಹೊರಬರುತ್ತದೆ. ಉಳಿಸದೆ ಹೊರಬಂದು "ಏನೂ ಬದಲಾಗಿಲ್ರಿ" ಎನ್ನುವವರು ಜಾಸ್ತಿ.

ಕಡಿಮೆ ಬೆಲೆಯ ಕೆಲವು ಮಾಡೆಲ್‌ಗಳ ಬಯಾಸಿನಲ್ಲಿ ಈ ಯಾವ ಸಾಲೂ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಸೌಲಭ್ಯ ಕೊಡಿ, ಬೇಡ ಅನ್ನಲ್ಲ. ಆದರೆ ಬೇಡವಾದವರಿಗೆ ತೆಗೆಯಲು ಒಂದು ಸಾಲು ಇಡಬೇಕಲ್ವಾ? ಅಂಥ ಯಂತ್ರಕ್ಕೆ ಕಂಪನಿಯ ವೆಬ್‌ಸೈಟಿನಲ್ಲಿ ಹೊಸ ಬಯಾಸ್ ಬಂದಿದೆಯಾ ನೋಡಿ, ಕೆಲವೊಮ್ಮೆ ಆ ಸಾಲು ಆಮೇಲೆ ಸೇರಿಸುತ್ತಾರೆ. ಬಯಾಸ್ ಅಪ್‌ಡೇಟ್ ಮಾಡುವಾಗ ಬ್ಯಾಟರಿ ತುಂಬಿರಲಿ, ಚಾರ್ಜರೂ ಹಾಕಿರಲಿ. ನಡುವೆ ಯಂತ್ರ ಆರಿದರೆ ಬೋರ್ಡೇ ಹೋಗಬಹುದು. ಗುಡುಗು ಮಿಂಚಿನ ಸಂಜೆ ಈ ಕೆಲಸ ಬೇಡ.

ಮಲಗಿದ್ದಾಗ ಎಚ್ಚರಗೊಳ್ಳುತ್ತಿದ್ದರೆ

ಹಳೆಯ ಲ್ಯಾಪ್‌ಟಾಪ್‌ಗಳು ಸ್ಲೀಪ್‌ಗೆ ಹೋದರೆ ಮೆಮೊರಿಗೆ ಮಾತ್ರ ಸ್ವಲ್ಪ ಕರೆಂಟ್ ಕೊಟ್ಟು ಉಳಿದದ್ದನ್ನೆಲ್ಲ ಆರಿಸುತ್ತಿದ್ದವು. ಇದಕ್ಕೆ ಎಸ್3 ಅನ್ನುತ್ತಾರೆ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ತೆಗೆದು ಮಾಡರ್ನ್ ಸ್ಟ್ಯಾಂಡ್‌ಬೈ ಇಟ್ಟಿದ್ದಾರೆ. ಪರದೆ ಆರುತ್ತದೆ, ಒಳಗೆ ಮಾತ್ರ ಮೇಲ್, ಅಪ್‌ಡೇಟ್, ನೆಟ್‌ವರ್ಕ್ ಎಂದು ಆಗಾಗ ಏನೋ ನಡೆಯುತ್ತಲೇ ಇರುತ್ತದೆ. ಷಟರ್ ಅರ್ಧ ಇಳಿಸಿ ಒಳಗೆ ವ್ಯಾಪಾರ ನಡೆಸುವ ಅಂಗಡಿಯ ಹಾಗೆ. ಚೀಲದಲ್ಲಿ ಬಿಸಿಯಾಗುವ ಲ್ಯಾಪ್‌ಟಾಪ್‌ಗಳಲ್ಲಿ ನಾನು ಮೊದಲು ಸಂಶಯ ಪಡುವುದು ಇದನ್ನೇ.

ನಿಮ್ಮದು ಯಾವುದು ಎಂದು ಯಂತ್ರವನ್ನೇ ಕೇಳಿ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ತೆರೆಯಿರಿ. ಕಪ್ಪು ಪರದೆ ಬರುತ್ತದೆ. ಹೆದರಬೇಡಿ. ಇಲ್ಲಿಂದ ಮುಂದೆ ನಾನು ಫೋನಿನಲ್ಲಿ ಬರೆಸುವ ಹಾಗೇ ಹೇಳುತ್ತೇನೆ, ಎಲ್ಲ ಇಂಗ್ಲಿಷಿನ ಸಣ್ಣ ಅಕ್ಷರ. ಪವರ್ ಅಂತ ಬರೆಯಿರಿ, ಜಾಗ ಬಿಡದೆ ಅದಕ್ಕೇ ಅಂಟಿಸಿ ಸಿ, ಎಫ್, ಜಿ. ಒಂದು ಸ್ಪೇಸ್. ಆಮೇಲೆ ಪ್ರಶ್ನಾರ್ಥಕ ಚಿಹ್ನೆಯ ಕೀಯಲ್ಲಿರುವ ಓರೆ ಗೆರೆ, ಅದಕ್ಕೆ ಅಂಟಿಸಿ ಎ. ಎಂಟರ್. ಎಸ್3 ಇದೆಯಾ, ಎಸ್0 ಲೋ ಪವರ್ ಐಡಲ್ ಇದೆಯಾ ಎಂದು ಪಟ್ಟಿ ಬರುತ್ತದೆ. ಅವೈಲಬಲ್ ಅನ್ನುವ ಮೇಲಿನ ಭಾಗದಲ್ಲಿ ಎಸ್0 ಅಂತ ಬಂದರೆ ನಿಮ್ಮದು ಅರ್ಧ ಷಟರಿನ ಗಿರಾಕಿ. ಕೆಳಗಿನ ನಾಟ್ ಅವೈಲಬಲ್ ಭಾಗದಲ್ಲಿ ಬಂದದ್ದು ಲೆಕ್ಕಕ್ಕಿಲ್ಲ.

ಅದೇ ಕಮಾಂಡಿನಲ್ಲಿ ಎ ಬದಲು ಲಾಸ್ಟ್‌ವೇಕ್ ಎಂದು ಒಂದೇ ಪದವಾಗಿ ಬರೆದರೆ ಕೊನೆಯ ಸಲ ಎಬ್ಬಿಸಿದ್ದು ಯಾರು ಎಂದು ಹೇಳುತ್ತದೆ. ವೇಕ್‌ಟೈಮರ್ಸ್ ಎಂದು ಬರೆದರೆ ಮುಂದೆ ಎಬ್ಬಿಸಲು ಕಾದಿರುವ ಅಲಾರಂಗಳ ಪಟ್ಟಿ. ಡಿವೈಸ್‌ಕ್ವೆರಿ, ಸ್ಪೇಸ್, ವೇಕ್, ಅಂಡರ್‌ಸ್ಕೋರ್, ಆರ್ಮ್ಡ್ ಎಂದು ಬರೆದರೆ ಎಬ್ಬಿಸುವ ಅಧಿಕಾರ ಇರುವ ಸಾಧನಗಳ ಪಟ್ಟಿ. ಮಾಡರ್ನ್ ಸ್ಟ್ಯಾಂಡ್‌ಬೈ ಯಂತ್ರದಲ್ಲಿ ಲಾಸ್ಟ್‌ವೇಕ್ ಏನೂ ಹೇಳದೆ ಸುಮ್ಮನಾದರೆ ಸ್ಲೀಪ್‌ಸ್ಟಡಿ ಎಂದು ಕೊಡಿ. ಒಂದು ವರದಿ ಫೈಲ್ ಆಗುತ್ತದೆ, ಅದು ಎಲ್ಲಿದೆ ಎಂದು ಪರದೆಯೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಯಾವ ಹೊತ್ತಿಗೆ ಮಲಗಿತು, ಎಷ್ಟು ಬ್ಯಾಟರಿ ತಿಂದಿತು, ಯಾರಿಂದ ಅಂತ ಎಲ್ಲ ಇರುತ್ತದೆ. ನನಗೆ ಈ ವರದಿ ಬಹಳ ಇಷ್ಟ. ಖರ್ಚಿನ ಲೆಕ್ಕ ಸಾಲು ಸಾಲಾಗಿ ಕೊಡುತ್ತದೆ.

ಈಗ ಒಬ್ಬೊಬ್ಬರನ್ನೇ ಹಿಡಿಯೋಣ. ಪಟ್ಟಿಯಲ್ಲಿ ಮೌಸ್ ಕಂಡರೆ ಅದು ಬಹಳ ಸಾಮಾನ್ಯ. ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರ್ ಲ್ಯಾಪ್‌ಟಾಪಿಗೇ ಸಿಕ್ಕಿಸಿ, ಮೌಸನ್ನು ಚೀಲದ ಪಕ್ಕದ ಜೇಬಿಗೆ ಹಾಕಿರುತ್ತೇವೆ. ಬಸ್ಸು ಒಂದು ಗುಂಡಿಗೆ ಇಳಿದರೆ ಸಾಕು, ಮೌಸ್ ಅಲುಗಿ ಯಂತ್ರ ಎದ್ದಿತು. ಮೌಸಿನ ಹೊಟ್ಟೆಯಲ್ಲಿರುವ ಸ್ವಿಚ್ ಆರಿಸಿ, ಅಥವಾ ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಮೇಲೆ ಡಬಲ್ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್ ಅನ್ನುವುದರ ಟಿಕ್ ತೆಗೆಯಿರಿ. ನೆಟ್‌ವರ್ಕ್ ಕಾರ್ಡಿಗೂ ಹೀಗೇ.

ಅಲಾರಂಗಳಿಗೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಲ್ಲಿಂದ ಅಡ್ವಾನ್ಸ್ಡ್, ಅದರೊಳಗೆ ಸ್ಲೀಪ್, ಅದರೊಳಗೆ ಅಲೋ ವೇಕ್ ಟೈಮರ್ಸ್. ಬ್ಯಾಟರಿ, ಚಾರ್ಜರ್ ಎರಡಕ್ಕೂ ಡಿಸೇಬಲ್ ಮಾಡಿ. ಇಂಪಾರ್ಟೆಂಟ್ ವೇಕ್ ಟೈಮರ್ಸ್ ಓನ್ಲಿ ಅನ್ನುವುದನ್ನು ಆರಿಸಬೇಡಿ. ಯಾವುದು ಇಂಪಾರ್ಟೆಂಟ್ ಅಂತ ಅಲ್ಲಿ ತೀರ್ಮಾನಿಸುವುದು ವಿಂಡೋಸ್, ನೀವಲ್ಲ.

ಇಷ್ಟೆಲ್ಲ ಓದಿ ತಲೆ ತಿರುಗಿದರೆ ಒಂದೇ ಕೆಲಸ ಮಾಡಿ, ಅರ್ಧ ತೊಂದರೆ ಹೋಗುತ್ತದೆ. ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ ಇಡಿ. ಹೈಬರ್ನೇಟ್ ಅಂದರೆ ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಆರುವುದು. ಏಳಲು ಸ್ವಲ್ಪ ಹೊತ್ತು ಜಾಸ್ತಿ ಬೇಕು, ಅಷ್ಟೇ. ಅದೇ ಪವರ್ ಆಪ್ಷನ್ಸ್‌ನ ಎಡಗಡೆ ಚೂಸ್ ವಾಟ್ ಕ್ಲೋಸಿಂಗ್ ದ ಲಿಡ್ ಡಸ್ ಎಂದಿದೆ. ಅಲ್ಲಿ ಹೈಬರ್ನೇಟ್ ಕಾಣದಿದ್ದರೆ ಆ ಕಪ್ಪು ಪರದೆಯಲ್ಲಿ ಪವರ್‌ಸಿಎಫ್‌ಜಿ, ಸ್ಪೇಸ್, ಓರೆ ಗೆರೆ, ಎಚ್, ಸ್ಪೇಸ್, ಆನ್ ಎಂದು ಕೊಟ್ಟು ಮತ್ತೆ ನೋಡಿ.

ಶಟ್‌ಡೌನ್ ಅಂದರೂ ಪೂರ್ತಿ ಶಟ್‌ಡೌನ್ ಅಲ್ಲ

2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಶಟ್‌ಡೌನ್ ಕೊಟ್ಟರೆ ನಿಮ್ಮ ಕೆಲಸ ಮುಚ್ಚುತ್ತದೆ, ವಿಂಡೋಸಿನ ತಿರುಳನ್ನು ಮಾತ್ರ ಡಿಸ್ಕಿನಲ್ಲಿ ಉಳಿಸಿಟ್ಟುಕೊಳ್ಳುತ್ತದೆ. ಮರುದಿನ ಬೇಗ ಏಳಲಿ ಎಂದು. ಇದರಿಂದಲೇ ಯಂತ್ರ ತಾನೇ ಚಾಲೂ ಆಗುತ್ತದೆ ಎನ್ನಲಾರೆ, ಆದರೆ ಪರೀಕ್ಷೆ ಮಾಡುವಾಗ ಇದು ಗೊಂದಲ ಎಬ್ಬಿಸುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಚೂಸ್ ವಾಟ್ ದ ಪವರ್ ಬಟನ್ಸ್ ಡು ಎಂಬಲ್ಲಿ ಅದರ ಟಿಕ್ ತೆಗೆಯಿರಿ. ಟಿಕ್ ಮಸುಕಾಗಿದ್ದರೆ ಮೇಲಿನ ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್ ಒತ್ತಬೇಕು. ಒಂದು ಸಲಕ್ಕೆ ಮಾತ್ರ ಬೇಕಿದ್ದರೆ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ, ಪೂರ್ತಿ ಆರುತ್ತದೆ.

ಅಪ್‌ಡೇಟ್ ಆ್ಯಂಡ್ ಶಟ್‌ಡೌನ್ ಅನ್ನುವ ಬಟನ್ನಿನ ಕಥೆ ಇನ್ನೊಂದು. ಅದನ್ನು ಒತ್ತಿದರೂ ಯಂತ್ರ ಅಪ್‌ಡೇಟ್ ಮುಗಿಸಿ ಆರದೆ, ಮತ್ತೆ ಚಾಲೂ ಆಗಿ ಲಾಗಿನ್ ಪರದೆಗೆ ಬಂದು ನಿಲ್ಲುವ ದೋಷ ವರ್ಷಗಟ್ಟಲೆ ಇತ್ತು. ವಿಂಡೋಸ್ 11ಕ್ಕೆ ಇದರ ಪರಿಹಾರ 2025ರ ಅಕ್ಟೋಬರ್ ಕೊನೆಯ ಅಪ್‌ಡೇಟ್‌ನಲ್ಲಿ ಬಂತು. ಆದರೂ ಊರಿಗೆ ಹೊರಡುವ ಅವಸರದಲ್ಲಿ ಈ ಬಟನ್ ಒತ್ತಿ ಚೀಲಕ್ಕೆ ತುರುಕಬೇಡಿ. ಪರದೆ, ಫ್ಯಾನ್ ಎರಡೂ ನಿಂತವು ಎಂದು ನೋಡಿಯೇ ಮುಚ್ಚಿ.

ಮ್ಯಾಕ್‌ಬುಕ್ ಇರುವವರಿಗೆ

2016ರ ಮ್ಯಾಕ್‌ಬುಕ್ ಪ್ರೊದಿಂದ ಈಚೆಗೆ ಮುಚ್ಚಳ ತೆರೆದರೆ, ಚಾರ್ಜರ್ ಹಾಕಿದರೆ ತಾನೇ ಚಾಲೂ ಆಗುವುದೇ ಪದ್ಧತಿ. ಎಂ1 ಮತ್ತು ನಂತರದ ಚಿಪ್ ಇರುವ ಮ್ಯಾಕ್‌ಬುಕ್‌ನಲ್ಲಿ ಮ್ಯಾಕ್‌ಒಎಸ್ ಸಿಕೋಯಾ ಅಥವಾ ಅದಕ್ಕಿಂತ ಹೊಸದಿದ್ದರೆ ಇದನ್ನು ನಿಲ್ಲಿಸಬಹುದು. ಟರ್ಮಿನಲ್ ತೆರೆದು ಸುಡೋ (ಎಸ್ ಯು ಡಿ ಒ), ಸ್ಪೇಸ್, ಎನ್ ವಿ ಆರ್ ಎ ಎಂ, ಸ್ಪೇಸ್, ಬೂಟ್‌ಪ್ರಿಫರೆನ್ಸ್, ಸಮ ಚಿಹ್ನೆ, %00 ಎಂದು ಬರೆಯಿರಿ. ಬೂಟ್‌ಪ್ರಿಫರೆನ್ಸ್ ಒಂದೇ ಪದ, ಅದರಲ್ಲಿ ಬಿ ಮತ್ತು ಪಿ ದೊಡ್ಡಕ್ಷರ. ಸಮ ಚಿಹ್ನೆಯ ಆಚೀಚೆ ಸ್ಪೇಸ್ ಬೇಡ. ಪಾಸ್‌ವರ್ಡ್ ಕೇಳಿದಾಗ ಬರೆಯಿರಿ, ಪರದೆಯ ಮೇಲೆ ಅದು ಕಾಣುವುದಿಲ್ಲ. %00 ಅಂದರೆ ಮುಚ್ಚಳಕ್ಕೂ ಏಳಬೇಡ, ಚಾರ್ಜರಿಗೂ ಏಳಬೇಡ. %01 ಅಂದರೆ ಮುಚ್ಚಳಕ್ಕೆ ಮಾತ್ರ ಏಳಬೇಡ. %02 ಅಂದರೆ ಚಾರ್ಜರಿಗೆ ಮಾತ್ರ ಏಳಬೇಡ.

ಲಿನಕ್ಸ್ ಬಳಸುವ ಇಂಜಿನಿಯರಿಂಗ್ ಹುಡುಗರಿಗೆ ನಾನು ಹೇಳಬೇಕಾದ್ದು ಕಡಿಮೆ. ಪ್ರಾಕ್ ಫೋಲ್ಡರಿನೊಳಗೆ ಎಸಿಪಿಐ, ಅದರೊಳಗೆ ವೇಕಪ್ ಎಂಬ ಫೈಲ್ ಓದಿ. ಎನೇಬಲ್ಡ್ ಎಂದಿರುವ ಹೆಸರನ್ನು ರೂಟ್ ಆಗಿ ಅದೇ ಫೈಲಿಗೆ ಬರೆದರೆ ಡಿಸೇಬಲ್ಡ್ ಆಗುತ್ತದೆ. ರೀಬೂಟ್ ಆದರೆ ಮತ್ತೆ ಮೊದಲಿನಂತೆ, ಹಾಗಾಗಿ ಸ್ಕ್ರಿಪ್ಟ್ ಬರೆದಿಡಿ.

ಸರಿಮಾಡಿದ ಮೇಲೂ ಮತ್ತೆ ಶುರುವಾದರೆ

ಬಯಾಸ್ ಅಪ್‌ಡೇಟ್ ಆದಾಗ ಸೆಟ್ಟಿಂಗ್‌ಗಳು ಮೊದಲಿನಂತಾಗಬಹುದು. ಇಂಥ ಅಪ್‌ಡೇಟ್ ವಿಂಡೋಸ್ ಅಪ್‌ಡೇಟ್ ಜೊತೆಗೇ ಸದ್ದಿಲ್ಲದೆ ಬರುವುದೂ ಉಂಟು. ತಾರೀಖು, ಸಮಯವೂ ಹಿಂದಕ್ಕೆ ಹೋಗಿದ್ದರೆ ಹಳೆಯ ಯಂತ್ರದ ಒಳಗಿನ ಬಟನ್ ಸೆಲ್ ಮುಗಿದಿರಬಹುದು. ಅಂಗಡಿಯಲ್ಲಿ ಹಾಕಿಕೊಡುತ್ತಾರೆ.

ಸೆಟ್ಟಿಂಗ್ ಎಲ್ಲ ಸರಿ ಇದ್ದೂ ಏಳುತ್ತಿದ್ದರೆ ಕಣ್ಣಿಗೆ ಕಾಣುವುದನ್ನು ನೋಡಿ. ಹಿಂಜ್ ಸಡಿಲವಾದ ಲ್ಯಾಪ್‌ಟಾಪಿನ ಮುಚ್ಚಳ ಚೀಲದಲ್ಲಿ ಒಂದಿಷ್ಟು ಎದ್ದರೂ ತೆರೆದಂತೆಯೇ. ಗಟ್ಟಿ ಪೌಚ್‌ನೊಳಗೆ ಹಾಕಿ, ಮೇಲೆ ಡಬ್ಬಿ, ಫೈಲು ಒತ್ತಬೇಡಿ. ಆಯಸ್ಕಾಂತ ಇರುವ ಫೋನ್ ಕವರ್ ಲ್ಯಾಪ್‌ಟಾಪಿನ ಅಂಚಿಗೆ ತಾಗಿದ್ದರೆ ಸೆನ್ಸರ್ ಗೊಂದಲಕ್ಕೆ ಬೀಳುತ್ತದೆ. ಪವರ್ ಬಟನ್ ಒತ್ತಿ ನೋಡಿ, ಟಕ್ ಎಂದು ಮೇಲೆ ಬರುತ್ತಿದೆಯಾ? ಮಿಲ್ಲಿನ ಗಾಳಿಯಲ್ಲಿ ತೊಗರಿ ಹೊಟ್ಟಿನ ಧೂಳು ಎಲ್ಲ ಸಂದಿಗೂ ಹೋಗುತ್ತದೆ. ಚಹಾ ಚೆಲ್ಲಿದ್ದರಂತೂ ಬಟನ್ ಅಂಟಿಕೊಂಡೇ ಇರುತ್ತದೆ. ಅದಕ್ಕೆ ಯಾವ ಕಮಾಂಡೂ ಇಲ್ಲ, ಬಿಚ್ಚಿ ಸ್ವಚ್ಛ ಮಾಡಿಸಬೇಕು.

ಎಲ್ಲ ಮುಗಿದ ಮೇಲೆ ಮನೆಯಲ್ಲೇ ಪರೀಕ್ಷೆ ಮಾಡಿ, ಬಸ್ಸಿನಲ್ಲಿ ಅಲ್ಲ. ಶಿಫ್ಟ್ ಹಿಡಿದು ಶಟ್‌ಡೌನ್ ಮಾಡಿ. ಮುಚ್ಚಳ ಮುಚ್ಚಿ, ತೆರೆಯಿರಿ. ಚಾರ್ಜರ್ ಹಾಕಿ, ತೆಗೆಯಿರಿ. ಆಮೇಲೆ ಹೈಬರ್ನೇಟ್ ಮಾಡಿ ರಾತ್ರಿ ಬಿಟ್ಟು, ಬೆಳಿಗ್ಗೆ ಬ್ಯಾಟರಿ ಎಷ್ಟು ಇಳಿದಿದೆ ನೋಡಿ. ಒಂದೆರಡು ಪರ್ಸೆಂಟ್ ಆದರೆ ತೊಂದರೆ ಇಲ್ಲ. ಚಾರ್ಜರ್ ಹಾಕಿದಾಗ ಪಕ್ಕದಲ್ಲಿ ಸಣ್ಣ ದೀಪ ಹತ್ತಿದರೆ ಅದು ಚಾರ್ಜಿಂಗ್ ದೀಪ. ಅದಕ್ಕಾಗಿ ನನಗೆ ಫೋನ್ ಮಾಡಬೇಡ್ರಿ, ಅದೂ 20ನೇ ತಾರೀಖು ಬೇಡವೇ ಬೇಡ.